ಒಂದು ಹೆಜ್ಜೆ ಹಿಂದೆ

೧೯೫೮ ಜೂನ್ ೧೫, ಭಾನುವಾರ. ಯಲಹಂಕ

ಇವತ್ತು ಅಯ್ಯನವರು ಮಗುವಿಗೆ ತಪ್ಪು ಹೆಸರಿಟ್ಟರು.

ಯಾರಿಗೂ ಹೇಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ದೇವಾಲಯದಲ್ಲಿ ಗಂಗರತ್ನಮ್ಮನವರ ಮೊಮ್ಮಗಳ ದೀಕ್ಷಾಸ್ನಾನ, ಕೊಡುವವರು ಸಭಾಪಾಲಕರಾದ ಅಯ್ಯನವರು. ಪ್ರೇಮಲತಾ ಎಂದು ಚೀಟಿಯಲ್ಲಿ ನಾನೇ ಬರೆದು ಕೊಟ್ಟಿದ್ದೆ. ಎಂದಿನಂತೆ ನೀರಿನ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅಯ್ಯನವರು ಮಗುವನ್ನು ಎಡಗೈಗೆ ತೆಗೆದುಕೊಂಡು, ಹಣೆಗೆ ಮೂರು ಸಲ ನೀರು ಹಾಕಿ, "ಸಗುಣಾ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಎಂದರು. ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

ಸಗುಣಮ್ಮ ಅವರ ಹೆಂಡತಿ. ತೀರಿಕೊಂಡು ಒಂಬತ್ತು ವರ್ಷವಾಯಿತು.

ಮಗುವಿನ ತಾಯಿ ತಟ್ಟನೆ ಮುಖ ಎತ್ತಿದಳು. ಗಂಗರತ್ನಮ್ಮನವರು ಅವಳ ತೋಳು ಜಿಗುಟಿದ್ದು ನನಗೆ ಕಂಡಿತು. ಸಭೆಯೆಲ್ಲ ಆಮೆನ್ ಎಂದಿತು, ನಾನೂ ಎಂದೆ. ಹೊರಗೆ ಹೊಂಗೆಮರದ ಕೆಳಗೆ ಆ ಹುಡುಗಿ ಅಳುತ್ತಿದ್ದಳು.

"ಕುಲಾವಿ ಮೇಲೆಲ್ಲ ಪ್ರೇಮಲತಾ ಅಂತ ಕಸೂತಿ ಹಾಕಿದೀನಲ್ಲ ಅತ್ತೆ?"

"ಬಿಚ್ಚಿ ಹಾಕು. ನೀರಿನ ಜೊತೆ ಅಯ್ಯನೋರ ಬಾಯಲ್ಲಿ ಬಂದಿದ್ದೇ ಹೆಸರು. ನೀನು ಇಟ್ಟಿದ್ದು ಯಾವ ಮೂಲೆಗೆ?"

ನಮ್ಮ ಸಭೆಯಲ್ಲಿ ಹಾಗೇ. ನೀರು ಬಿದ್ದ ಮೇಲೆ ಹೆಸರು ಬದಲಾಯಿಸುವ ಪದ್ಧತಿಯಿಲ್ಲ.

ನಮ್ಮಪ್ಪ ಅಯ್ಯನವರ ಕೈಕೆಳಗೆ ಉಪದೇಶಿಯಾಗಿದ್ದರು. ಸಭಾಪಾಲಕರ ಮನೆಯಿಂದ ದೇವಾಲಯಕ್ಕೆ ಎರಡು ಫರ್ಲಾಂಗು. ಅಷ್ಟು ದೂರ ಅಯ್ಯನವರ ನಿಲುವಂಗಿಯ ಚೀಲ ಹಿಡಿದು, ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಪಕ್ಕಕ್ಕೆ ಬಂದವರಲ್ಲ. ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಆ ಚೀಲ ನನ್ನ ಕೈಯಲ್ಲಿದೆ. ಎಂ.ಎ. ಓದಿದ ಹೆಡ್‌ಮಿಸ್ಟ್ರೆಸ್ಸು ಚೀಲ ಹೊತ್ತು ಹೋಗುವುದನ್ನು ನೋಡಿ ನನ್ನ ಶಾಲೆಯ ಹುಡುಗಿಯರು ಮೊದಮೊದಲು ಕಿಸಕ್ಕೆನ್ನುತ್ತಿದ್ದರು. ಅಯ್ಯನವರ ತಪ್ಪನ್ನು ಅವರ ಮುಂದೂ ಆಡಬಾರದು, ಹಿಂದೂ ಆಡಬಾರದು ಎಂದು ಅಪ್ಪ ಹೇಳುತ್ತಿದ್ದರು. ಬರೆಯುವುದು ಆಡಿದಂತೆ ಆಗುತ್ತದೆಯೋ ಏನೋ.

ವಯಸ್ಸಾಯಿತು. ಒಂದು ಸಲ ನಾಲಿಗೆ ತಪ್ಪಿರಬೇಕು.

ಜುಲೈ ೬, ಭಾನುವಾರ

ಹೋದ ವಾರ ಪೀಠದ ಮೇಲೆ ಮಾಡಿದ ಪ್ರಸಂಗವನ್ನೇ ಅಯ್ಯನವರು ಇವತ್ತೂ ಮಾಡಿದರು. ಕಳೆದುಹೋದ ಕುರಿಯ ಪ್ರಸಂಗ. ಅದೇ ಮಾತು, ಅದೇ ಜಾಗದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡದ್ದು. ಜಕ್ಕೂರಿನ ವಿಮಾನ ಶಾಲೆಯ ವಿಮಾನವೊಂದು ಚಾವಣಿಯ ಮೇಲೆ ಹಾದಾಗ ಎಂದಿನಂತೆ ನಿಲ್ಲಿಸಿ, ಸದ್ದು ಅಡಗುವವರೆಗೆ ಕಾದರು. ಆಮೇಲೆ ಎಲ್ಲಿ ಬಿಟ್ಟಿದ್ದೆನೆಂದು ತಿಳಿಯದೆ ಮೊದಲಿನಿಂದ ಶುರು ಮಾಡಿದರು. ಜನ ತಲೆದೂಗುತ್ತ ಕೇಳಿದರು.

ಹೊರಗೆ ಆನಂದಪ್ಪನವರು ನನ್ನನ್ನು ತಡೆದರು. ಸಭಾಸಮಿತಿಯ ಕಾರ್ಯದರ್ಶಿ ಅವರೇ. ಸಣ್ಣ ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು.

"ಟೀಚರಮ್ಮ, ಒಂದೇ ಸ್ಟೇಷನ್ನು ಎರಡು ಸಲ ಬಂದ್ರೆ ಗಾರ್ಡಿಗೆ ಗೊತ್ತಾಗಲ್ವಾ?"

"ಮುಖ್ಯವಾದ ಮಾತು, ಅದಕ್ಕೇ ಎರಡು ಸಲ ಹೇಳಿದ್ರು."

"ಎರಡಲ್ಲ, ಮೂರು ಅನ್ನಿ. ವಿಮಾನ ಹೋದ್ಮೇಲೆ ಇನ್ನೊಂದಾಯ್ತು." ನಕ್ಕರು. ನಗು ಬೇಗ ಆರಿತು. "ನನ್ನ ಮೂರು ಮಕ್ಕಳಿಗೂ ಮದುವೆ ಮಾಡಿಸಿದೋರು ಕಣ್ರೀ ಅವರು. ನಾನಾಗಿ ಬಾಯಿ ಬಿಡಲ್ಲ. ಆದ್ರೆ ಕಾಗದದ ಮೇಲೆ ಏನಾದ್ರೂ ಬಂತು ಅಂದ್ರೆ ಬಿಷಪ್ಪರಿಗೆ ಬರೀಲೇಬೇಕು. ಕಾರ್ಯದರ್ಶಿ ಅಂತ ಕೂರಿಸಿದೀರಲ್ಲ ನನ್ನ!" ಮೊಣಕಾಲು ನೀವಿಕೊಂಡು ಹೊರಟರು.

ಡಿಸೆಂಬರ್ ಕೊನೆಗೆ ಅಯ್ಯನವರ ಸೇವೆಗೆ ನಲವತ್ತು ವರ್ಷ ತುಂಬುತ್ತದೆ, ಅವತ್ತು ನಿವೃತ್ತಿ. ಹಾರ, ಬಿನ್ನವತ್ತಳೆ, ಗುಂಪು ಫೋಟೋ, ಕೊನೆಯ ಪ್ರಸಂಗ. ಅಲ್ಲಿಯವರೆಗೆ ಅವರನ್ನು ಪೀಠದ ಮೇಲೆ ನಿಲ್ಲಿಸಿದರೆ ಸಾಕು. ಮೊದಲೇ ಗೊತ್ತಾದರೆ ಬಿಷಪ್ಪರಿಂದ ಒಂದು ಕಾಗದ ಬರುತ್ತದೆ, ಕೋಲಾರದಿಂದ ಅಯ್ಯನವರ ತಮ್ಮನ ಮಗ ಬರುತ್ತಾನೆ, ಬುದ್ಧಿ ಕೆಟ್ಟ ಮುದುಕನನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ನಲವತ್ತು ವರ್ಷದ ಕೊನೆಗೆ ಜನರ ನೆನಪಿನಲ್ಲಿ ಉಳಿಯುವುದು ಅದೊಂದೇ.

ಇನ್ನು ಆರು ತಿಂಗಳು.

ಜುಲೈ ೨೦, ಭಾನುವಾರ

ಇನ್ನೊಂದು ಸಗುಣಾ. ಈ ಸಲ ಹುಣಸಮಾರನಹಳ್ಳಿಯವರ ಮಗು. ತಂದೆ ಕೈಮುಗಿದು, "ಅಮ್ಮಾವ್ರ ಎಸ್ರು ನಮ್ಮನೇಗೂ ಬಂತಲ್ಲ, ಅಷ್ಟೇ ಸಾಕು" ಎಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅಯ್ಯನವರ ಮನೆಗೆಲಸದ ಮರಿಯಮ್ಮ ಹೇಳಿದಳು: "ಊಟಕ್ಕೆ ಎರಡು ತಟ್ಟೆ ಇಡು ಅಂತಾರೆ. ಇಟ್ಟೆ. ಇಡದೆ ಏನ್ಮಾಡ್ಲಿ? ಅವರು ಇಡು ಅಂದ್ರೆ ಇಡೋದು, ತೆಗಿ ಅಂದ್ರೆ ತೆಗ್ಯೋದು."

ಇನ್ನು ಮುಂದೆ ಬಟ್ಟಲು ಹಿಡಿದು ನಿಂತಾಗ ಮಗುವಿನ ಹೆಸರನ್ನು ಮೆಲ್ಲಗೆ ಅವರ ಕಿವಿಗೆ ಹೇಳುತ್ತೇನೆ. ಅದರಲ್ಲಿ ತಪ್ಪೇನಿಲ್ಲ. ಚೀಟಿ ಕೊಡುವುದೂ ಹೇಳಿಕೊಡುವುದೇ ತಾನೆ?

ಆಗಸ್ಟ್ ೩, ಭಾನುವಾರ

ಪ್ರಸಂಗಕ್ಕೆ ನಾಲ್ಕು ಸಾಲಿನ ಟಿಪ್ಪಣಿ ಬರೆದುಕೊಟ್ಟೆ. ಓದಿಕೊಂಡು ಚೆನ್ನಾಗಿ ನಡೆಸಿದರು. ದೇವಾಲಯದ ದಾರಿಯ ರೈಲ್ವೆ ಗೇಟಿನ ಹತ್ತಿರ ಹೋದ ವಾರದಂತೆ ಇವತ್ತೂ ನಿಂತುಬಿಟ್ಟರು. ಎಡಕ್ಕೋ ಬಲಕ್ಕೋ ಎಂದು ಕೇಳಲು ಅವರಿಗೆ ಸಂಕೋಚ, ಹೇಳಲು ನನಗೆ ಸಂಕೋಚ. ಚೀಲದ ಭಾರ ಸರಿಮಾಡಿಕೊಳ್ಳುವವಳಂತೆ ನಾಲ್ಕು ಹೆಜ್ಜೆ ಮುಂದೆ ಹೋದೆ. ಅವರು ಬಂದರು. ಗೇಟು ದಾಟಿದ ಮೇಲೆ ಮತ್ತೆ ಹಿಂದೆ ಸರಿದೆ.

ಆಗಸ್ಟ್ ೨೪, ಭಾನುವಾರ

ಟಿಪ್ಪಣಿ ಸಾಲುವುದಿಲ್ಲ. ಶುಕ್ರವಾರ, ಶನಿವಾರ ಕೂತು ಇಡೀ ಪ್ರಸಂಗವನ್ನು ದೊಡ್ಡಕ್ಷರದಲ್ಲಿ ಬರೆದೆ. ಎಷ್ಟೋ ದಿನದಿಂದ ಕವನದ ಪುಸ್ತಕ ಮುಟ್ಟಿಲ್ಲ. ಬರೆಯುವಾಗ ನಡುನಡುವೆ ಆ ಕವನಗಳ ಲಯ ಬಂದು ಸೇರಿಕೊಳ್ಳುತ್ತದೆ, ಹೊಡೆದುಹಾಕುತ್ತೇನೆ. ಅಯ್ಯನವರು ಹಾಗೆ ಮಾತಾಡುವವರಲ್ಲ. ನಾನು ಬರೆಯುವವಳು ಮಾತ್ರ. ಮಾತು ಅವರದೇ.

ಗಂಗರತ್ನಮ್ಮನವರು ಹೇಳಿದರು: "ಅಯ್ಯನೋರ ಪ್ರಸಂಗ ಈಚೆಗೆ ಎಷ್ಟು ಚೆನ್ನಾಗ್ ಆಗ್ತಿದೆ! ನಮ್ಮ ಮನೆ ಒಳಗೆ ಬಂದು ನೋಡ್ಕೊಂಡು ಹೋದಂಗೆ ಮಾತಾಡ್ತಾರೆ."

ಅವರ ಮನೆಗೆ ನಾನು ಬುಧವಾರ ಹೋಗಿದ್ದೆ. ಸೊಸೆಗೆ ಮೈ ಸರಿಯಿರಲಿಲ್ಲ. ಅಯ್ಯನವರಿಗೆ ಬರಲು ಆಗುವುದಿಲ್ಲವಾದ್ದರಿಂದ ಈಗ ಮನೆಮನೆಗೆ ನಾನೇ ಹೋಗಿಬರುತ್ತೇನೆ.

ಆಗಸ್ಟ್ ೩೧, ಭಾನುವಾರ

ಕೊನೆಯ ಆಶೀರ್ವಾದಕ್ಕೆ ಕೈ ಎತ್ತಿದರು. ಮಾತು ಬರಲಿಲ್ಲ. ನಲವತ್ತು ವರ್ಷ ಪ್ರತಿ ಭಾನುವಾರ ಹೇಳಿದ ಮಾತು. ಜನ ತಲೆ ಬಗ್ಗಿಸಿ ನಿಂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ವಿಮಾನ ಬಂತು, ಹೋಯಿತು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಕೊನೆಗೆ ಹಿಂದಿನಿಂದ ನಾನೇ ಮೆಲ್ಲಗೆ ಹೇಳಿದೆ. ಎಲ್ಲರೂ ಆಮೆನ್ ಎಂದು ಹೊರಗೆ ಹೋದರು.

ಹೆಂಗಸಿನ ದನಿ ಎಂದು ಯಾರಿಗಾದರೂ ಗೊತ್ತಾಯಿತೋ ಇಲ್ಲವೋ. ಗೊತ್ತಾಗದೆ ಇರುತ್ತದೆಯೇ?

ಸೆಪ್ಟೆಂಬರ್ ೧೮, ಗುರುವಾರ

ಶಾಲೆಯ ಗೇಟಿನ ಮುಂದೆ ಜಟಕಾ ಬಂದು ನಿಂತಿತು. ಒಳಗೆ ಅಯ್ಯನವರು, ಕಾಲಿಗೆ ಚಪ್ಪಲಿಯಿಲ್ಲ. ಜಟಕಾ ಓಡಿಸುವ ಖಾದರ್ ಬಾಷಾ ಇಳಿದು ಬಂದ.

"ರಾಜಾನುಕುಂಟೆ ರಸ್ತೇಲಿ ನಡ್ಕೊಂಡು ಹೋಗ್ತಿದ್ರು ಅಮ್ಮಾ. ಎಲ್ಲಿಗೆ ಸ್ವಾಮಿ ಅಂದೆ. ಆರಾಧನೆಗೆ ಟೈಮಾಯ್ತು, ಜನ ಕಾಯ್ತಿದಾರೆ ಅಂದ್ರು. ಇವತ್ತು ಜುಮೇರಾತು, ನಿಮ್ದು ಇತ್ವಾರ, ಭಾನುವಾರ ಅಲ್ವಾ ಅಂದೆ. ಹೌದಾ ಅಂದು ಹತ್ತಿ ಕೂತ್ರು."

ಬಾಡಿಗೆ ಕೊಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡ. "ನಮ್ಮ ಅಬ್ಬಾ ಕಾಯಿಲೆ ಬಿದ್ದಾಗ ವಾರಕ್ಕೆರಡು ಸಲ ಬಂದು ಕೂರ್ತಿದ್ರು. ನಾನು ಯಾರಿಗೂ ಹೇಳಲ್ಲ ಬಿಡಿ."

ಯಾರಿಗೂ ಹೇಳದವರು ಎಷ್ಟೊಂದು ಜನ ಆಗಿದ್ದಾರೆ! ಬಹುಶಃ ಊರಿಗೆಲ್ಲ ಗೊತ್ತಿದೆ. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಸೇರಿ ಒಬ್ಬ ಮನುಷ್ಯನನ್ನು ಎತ್ತಿ ಹಿಡಿದಿದ್ದೇವೆ. ಎಲ್ಲಿಯವರೆಗೆ?

ಅಕ್ಟೋಬರ್ ೫, ಭಾನುವಾರ

ದಾರಿಯಲ್ಲಿ ಈಗ ಚೀಲದ ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಹೀಗಾದರೆ ನಿಲ್ಲದೆ ಬರುತ್ತಾರೆ.

ಪ್ರಾರ್ಥಿಸಲು ಕೂತೆ. ಏನು ಕೇಳಬೇಕೆಂದು ತೋಚದೆ ಎದ್ದೆ.

ಅಕ್ಟೋಬರ್ ೧೬, ಗುರುವಾರ

ಮಧ್ಯಾಹ್ನ ಶಾಲೆಗೆ ಮುನಿಶಾಮಿ ಓಡಿಬಂದ. ಜಕ್ಕೂರಿನ ಕೂಲಿಯವನು. ಅವನೂ ಹೆಂಡತಿ ಬೈರಮ್ಮನೂ ಎರಡು ವರ್ಷದ ಹಿಂದೆ ಅಯ್ಯನವರ ಕೈಯಲ್ಲೇ ಸಭೆಗೆ ಸೇರಿದವರು.

"ಅಮ್ಮಾ, ಕೂಸು ಸೆಟೆದ್‌ಕೊಳ್ತದೆ. ಒಂಬತ್ತು ದಿನದ್ದು. ಡಾಕುಟ್ರು ಕೈಚೆಲ್ಲಿದ್ರು. ಐನೋರ್ನ ಕರ್ಕೊಂಬನ್ನಿ, ಎಸ್ರಿಲ್ದಂಗೆ ಓಗ್ಬಾರ್ದು ಅಂತಾವ್ಳೆ."

ಖಾದರ್ ಬಾಷಾನ ಜಟಕಾದಲ್ಲಿ ಅಯ್ಯನವರನ್ನು ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಮಗುವಿನ ವಿಷಯ ಹೇಳುತ್ತಲೇ ಇದ್ದೆ. "ಪಾಪ, ಪಾಪ" ಎನ್ನುತ್ತಿದ್ದರು. ಕೆರೆ ಏರಿಯ ಹತ್ತಿರ ಮತ್ತೆ, "ಎಲ್ಲಿಗೆ ಹೋಗ್ತಿದೀವಿ ಕೃಪಾವತಮ್ಮ?" ಎಂದರು.

ಮಗು ಅಂಗೈಯಷ್ಟಿತ್ತು. ಹೆಣ್ಣು. ತುಟಿ ನೀಲಿಗಟ್ಟಿತ್ತು. ಬೈರಮ್ಮ ಅದನ್ನು ಅಯ್ಯನವರ ಮಡಿಲಿಗೇ ಹಾಕಿದಳು.

"ಯಾವ ಹೆಸರಮ್ಮ?" ಎಂದು ನಾನು ಕೇಳಿದೆ.

"ನಾವೇನ್ ಮಡಗಾನ? ಐನೋರ್ ಬಾಯಾಗೆ ಏನ್ ಬತ್ತದೋ ಅದೇಯ."

ಹಿತ್ತಾಳೆಯ ಚೊಂಬಿನಲ್ಲಿ ನೀರು ಹಿಡಿದೆ. ಅಯ್ಯನವರು ಮಗುವನ್ನು ನೋಡಿದರು. ನೀರನ್ನು ನೋಡಿದರು. ವಿಮಾನದ ಕೊಟ್ಟಿಗೆ ಅಲ್ಲಿಗೆ ಹತ್ತಿರ. ಒಂದು ವಿಮಾನ ಗುಡುಗುತ್ತ ಮೇಲೆದ್ದಿತು. ಅವರು ಮಾತು ನಿಲ್ಲಿಸಿ ಕಾಯುವವರಂತೆ ಕಾದರು. ಸದ್ದು ಹೋಯಿತು. ಇನ್ನೂ ಕಾಯುತ್ತಲೇ ಇದ್ದರು. "ಅಯ್ಯನವರೇ" ಎಂದೆ. ಮೊದಲ ಮಾತನ್ನು ಕಿವಿಯಲ್ಲಿ ಹೇಳಿದೆ, ಎರಡನೆಯದನ್ನೂ ಹೇಳಿದೆ. ನನ್ನನ್ನು ನೋಡಿ ಮುಗುಳ್ನಕ್ಕರು. ಮಗುವಿನ ಎದೆ ಒಮ್ಮೆ ಎದ್ದು ನಿಂತುಬಿಟ್ಟಿತು.

ಬೈರಮ್ಮ ಕಿರುಚಿದಳು. "ಐನೋರೇ, ಯೋಳ್ರೀ!"

ನಾನು ಅಯ್ಯನವರ ಬಲಗೈ ಹಿಡಿದು ನೀರಿನಲ್ಲಿ ಅದ್ದಿ, ಮಗುವಿನ ಹಣೆಗೆ ಇಟ್ಟೆ. ಮೂರು ಸಲ. ಪೂರ್ತಿ ಮಾತು ನಾನೇ ಹೇಳಿದೆ. ಮೆಲ್ಲಗೆ ಹೇಳಲು ಆಗಲಿಲ್ಲ, ಗುಡಿಸಲಿಗೆಲ್ಲ ಕೇಳುವಂತೆ ಹೇಳಿದೆ. ಹೆಸರು ಬೇಕಾಯಿತು. ಎಷ್ಟು ಕವನ ಓದಿದವಳು! ಆ ಕ್ಷಣಕ್ಕೆ ನನಗೊಂದು ಹೆಸರು ಹೊಳೆಯಲಿಲ್ಲ. ಸಗುಣಾ ಎಂದೆ.

ಮಗು ಮತ್ತೆ ಉಸಿರೆಳೆದುಕೊಂಡಿತು. ಇನ್ನೊಂದು ಗಂಟೆ ಇತ್ತು.

ಅಕ್ಟೋಬರ್ ೧೭, ಶುಕ್ರವಾರ

ಮಣ್ಣು ಮಾಡಿದೆವು. ಸಮಾಧಿಯ ಹತ್ತಿರ ಎಲ್ಲವನ್ನೂ ಅಯ್ಯನವರೇ ಹೇಳಿದರು. ಪುಸ್ತಕ ನೋಡಲಿಲ್ಲ, ಒಂದು ಅಕ್ಷರವೂ ತಪ್ಪಲಿಲ್ಲ. ಬೈರಮ್ಮನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ನಾನು ನಾಲ್ಕು ಮಾರು ಹಿಂದೆ ನಿಂತು ಅತ್ತೆ. ಅಷ್ಟು ದಿನದ ಮೇಲೆ ಹಿಂದೆ ನಿಲ್ಲುವುದು ಸುಖವಾಗಿತ್ತು. ಸಾವಿನ ಮನೆಯಲ್ಲಿ ಹೀಗೆ ಅನಿಸಿದ್ದು ಪಾಪ.

ಅಕ್ಟೋಬರ್ ೧೮, ಶನಿವಾರ

ದೀಕ್ಷಾಸ್ನಾನದ ರಿಜಿಸ್ಟರು ತೆಗೆದೆ. ಮಗುವಿನ ಹೆಸರು, ತಂದೆ ತಾಯಿ, ಊರು, ತಾರೀಖು ಎಲ್ಲ ಬರೆದು, ಕೊಟ್ಟವರು ಯಾರು ಎಂಬ ಕಡೆ ಅಯ್ಯನವರ ರುಜುವಿಗೆ ಜಾಗ ಬಿಟ್ಟು ಅವರ ಮುಂದಿಟ್ಟೆ. ನಿನ್ನೆಯಿಂದ ಅವರ ಕಣ್ಣು ತಿಳಿಯಾಗಿತ್ತು.

"ಇದು ಜಕ್ಕೂರಿನ ಮಗು," ಎಂದರು.

"ಹೌದು ಅಯ್ಯನವರೇ. ಇಲ್ಲಿ ರುಜು ಹಾಕಿ."

"ನಾನು ಕೊಡಲಿಲ್ಲ. ನೀವು ಕೊಟ್ಟಿರಿ. ನಾನು ನೋಡ್ತಾ ಇದ್ದೆ."

"ಕೈ ನಿಮ್ಮದು."

"ಕೈ ನನ್ನದು," ಎಂದು ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿದರು. "ಹೊತ್ತಿಗೆ ಸರಿಯಾಗಿ ಮಾತು ಬರಲಿಲ್ಲ ನನಗೆ. ಬರದೆ ಇದ್ದದ್ದು ಅವತ್ತೊಂದೇ ದಿನ ಅಲ್ಲ, ಅಲ್ವಾ ಅಮ್ಮ?"

ಅವರು ಪೆನ್ನು ತೆಗೆದುಕೊಂಡು, ಆ ಮುತ್ತಿನಂಥ ಅಕ್ಷರದಲ್ಲಿ, ಕೊಟ್ಟವರು ಎಂಬ ಕಡೆ ಬರೆದರು: ಕೃಪಾವತಿ. ಕೆಳಗೆ, ಇದನ್ನು ಕಂಡವನು, ಎಂದು ಬರೆದು ರುಜು ಹಾಕಿದರು. ಮಸಿ ಆರುವವರೆಗೆ ಊದಿದರು.

ಸಾಯುವ ಮಗುವಿಗೆ ಯಾವ ವಿಶ್ವಾಸಿಯಾದರೂ ದೀಕ್ಷಾಸ್ನಾನ ಕೊಡಬಹುದು, ಅದು ತಪ್ಪಲ್ಲ. ಆದರೆ ಸಭಾಪಾಲಕರು ಅಲ್ಲೇ ಕೂತಿದ್ದು ನೋಡುತ್ತಿದ್ದರು ಎಂದರೆ ಏಕೆ ಎಂದು ಕೇಳದೆ ಇರುತ್ತಾರೆಯೇ? ನಾಳೆ ಸಮಿತಿಯ ತಿಂಗಳ ಸಭೆ. ಆನಂದಪ್ಪನವರು ರಿಜಿಸ್ಟರು ನೋಡುತ್ತಾರೆ.

ಮೇಜಿನ ಮೇಲೆ ಮಸಿ ಅಳಿಸುವ ರಬ್ಬರಿತ್ತು. ಅಯ್ಯನವರು ಹೋದ ಮೇಲೆ ಅದನ್ನು ಕೈಗೆ ತೆಗೆದುಕೊಂಡೆ. ಇನ್ನು ಹತ್ತು ವಾರ ಅಷ್ಟೇ. ಒಂದು ಹೆಸರು ಕೆರೆದು ಇನ್ನೊಂದು ಬರೆದರೆ ಆಯಿತು. ಅವರಿಗೆ ನಾಳೆ ನೆನಪೂ ಇರುವುದಿಲ್ಲ.

ಅಯ್ಯನವರು ತಿಳಿದು ಬರೆದದ್ದನ್ನು ನಾನು ಅಳಿಸುವುದೇ? ಇಷ್ಟು ತಿಂಗಳು ಅವರು ಹೇಳದೆ ಇದ್ದದ್ದನ್ನೆಲ್ಲ ಮಾಡಿದೆ. ಅವರಾಗಿ ಮಾಡಿದ್ದು ಇದೊಂದು. ರಬ್ಬರನ್ನು ಮೇಜಿನ ಮೇಲೇ ಇಟ್ಟು ಬಂದೆ.

ಅಕ್ಟೋಬರ್ ೧೯, ಭಾನುವಾರ

ಆನಂದಪ್ಪನವರು ಆ ಸಾಲನ್ನು ಓದಿದರು. ಮತ್ತೆ ಓದಿದರು. ಸಮಿತಿಯವರು ಎದ್ದುಹೋಗುವವರೆಗೆ ರಿಜಿಸ್ಟರಿನ ಮೇಲೆ ಕೈಯಿಟ್ಟು ಕೂತಿದ್ದರು.

"ಯಾಕಮ್ಮ ಹೀಗ್ಮಾಡಿದ್ರಿ?"

"ಅವರೇ ಬರೆದ್ರು."

"ಅದು ಕಾಣ್ತಿದೆ. ಹೊಡ್ದಾಕಕ್ಕೆ ನಿಮಗೆ ಕೈ ಬರಲಿಲ್ವಾ?"

"ನೀವು ಹೊಡೆದುಹಾಕಿ. ಪೆನ್ನು ಇಲ್ಲೇ ಇದೆ."

ಅವರು ಪೆನ್ನಿನ ಕಡೆ ನೋಡಲೂ ಇಲ್ಲ. ರಿಜಿಸ್ಟರು ಮುಚ್ಚಿ, ಕನ್ನಡಕದ ಕೆಳಗೆ ಕಣ್ಣೊರೆಸಿಕೊಂಡು, "ಬಿಷಪ್ಪರಿಗೆ ಬರೀತೀನಿ," ಎಂದರು.

ನವೆಂಬರ್ ೯, ಭಾನುವಾರ

ನಿನ್ನೆ ಬಿಷಪ್ಪರ ಕಾಗದ ಬಂತು. ಸೌಮ್ಯವಾಗಿದೆ. ಅಯ್ಯನವರು ಕೂಡಲೇ ವಿಶ್ರಾಂತಿ ತೆಗೆದುಕೊಳ್ಳಬೇಕು, ಹೊಸ ಸಭಾಪಾಲಕರು ಜನವರಿಯಲ್ಲಿ ಬರುತ್ತಾರೆ. ಇನ್ನು ಹಾರ, ಫೋಟೋ ಯಾವುದೂ ಇಲ್ಲ. ಬಿನ್ನವತ್ತಳೆ ಅರ್ಧ ಬರೆದಿದ್ದೆ.

ನವೆಂಬರ್ ೨೨, ಶನಿವಾರ

ಬೆಳಗಿನ ಸಣ್ಣ ರೈಲಿಗೆ ಹೊರಟರು. ಕೋಲಾರದಿಂದ ಬಂದ ತಮ್ಮನ ಮಗ ಒಳ್ಳೆಯವನು. ಪೆಟ್ಟಿಗೆಗಳನ್ನು ಅವನೇ ಹೊತ್ತ. ಸ್ಟೇಷನ್ನಿಗೆ ನಲವತ್ತು ಜನ ಬಂದಿದ್ದರು. ಮೂರು ಸಗುಣಾಗಳಲ್ಲಿ ಇಬ್ಬರು ತಾಯಂದಿರ ಕಂಕುಳಲ್ಲಿದ್ದರು. ಮೂರನೆಯದರ ತಾಯಿ ಬರಿಗೈಯಲ್ಲಿ ಬಂದಿದ್ದಳು.

ನಿಲುವಂಗಿಯ ಚೀಲವನ್ನು ಅವರ ಜೊತೆಗೇ ಕಳಿಸಲೆಂದು ಡಬ್ಬಿ ಹತ್ತಿ, ಅವರನ್ನು ಕಿಟಕಿಯ ಪಕ್ಕ ಕೂರಿಸಿ, ಚೀಲವನ್ನು ತೊಡೆಯ ಮೇಲಿಟ್ಟು ಇಳಿದೆ. ತಿರುಗಿ ನೋಡಿದರೆ ಅವರೂ ಚೀಲ ಹಿಡಿದು ನನ್ನ ಹಿಂದೆಯೇ ಇಳಿದಿದ್ದರು. ಮತ್ತೆ ಹತ್ತಿಸಿ ಕೂರಿಸಿದೆ. "ನೀವು ಇಲ್ಲೇ ಕೂರಬೇಕು ಅಯ್ಯನವರೇ" ಎಂದೆ. "ಆಗಲಿ ಅಮ್ಮ" ಎಂದರು. ನಾನು ಇಳಿದೆ. ಅವರು ಮತ್ತೆ ಇಳಿದರು. ಚೀಲದ ಒಂದು ಹಿಡಿಯನ್ನು ನನ್ನ ಕಡೆಗೆ ಚಾಚಿ ನಿಂತರು, ಹಿಡಿದುಕೊಂಡೆ.

ಗಾರ್ಡು ಆನಂದಪ್ಪನವರ ಶಿಷ್ಯ. ಸೀಟಿ ಬಾಯಿಗಿಟ್ಟುಕೊಂಡವನು ಊದದೆ ಕಾದ. ಮೂರನೆಯ ಸಲ ಹತ್ತಿಸಿದಾಗ ತಮ್ಮನ ಮಗ ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾನು ಇಳಿದು, ಅವರಿಗೆ ಕಾಣದಂತೆ ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತೆ. ಆಮೇಲೆ ರೈಲು ಹೊರಟಿತು. ಚೀಲ ಮಾತ್ರ ನನ್ನ ಕೈಯಲ್ಲೇ ಉಳಿದಿತ್ತು.

ನವೆಂಬರ್ ೨೩, ಭಾನುವಾರ

ಜನವರಿಯವರೆಗೆ ಆರಾಧನೆ ಯಾರು ನಡೆಸಬೇಕೆಂದು ಸಮಿತಿ ಇನ್ನೂ ತೀರ್ಮಾನಿಸಿಲ್ಲ. ಇವತ್ತಿನ ಮಟ್ಟಿಗೆ ಪಾಠ, ಪ್ರಾರ್ಥನೆ ನೀವೇ ಓದಿಬಿಡಿ ಎಂದು ಆನಂದಪ್ಪನವರು ಹೇಳಿಕಳಿಸಿದ್ದರು. ಬೇರೆ ಯಾರೂ ಇಲ್ಲದಿದ್ದರೆ ಏನು ಮಾಡುವುದು!

ಅಭ್ಯಾಸಬಲದಿಂದ ಅಯ್ಯನವರ ಮನೆಯ ಗೇಟಿಗೇ ಹೋದೆ. ಅಲ್ಲಿ ಆನಂದಪ್ಪನವರು ನಿಂತಿದ್ದರು. ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಇಬ್ಬರೂ ಹೊರಟೆವು. ಸ್ವಲ್ಪ ದೂರ ಹೋಗಿ ನೋಡಿದರೆ ಅವರು ಹಿಂದೆ ಬಿದ್ದಿದ್ದರು. ನಿಂತೆ. ಅವರೂ ನಿಂತರು.

"ಬನ್ನಿ, ಜೊತೆಗೇ ಹೋಗೋಣ."

"ನಡೀರಿ ಅಮ್ಮ, ಬರ್ತೀನಿ."

ರೈಲ್ವೆ ಗೇಟು ದಾಟಿದ ಮೇಲೂ ಅವರು ಪಕ್ಕಕ್ಕೆ ಬರಲಿಲ್ಲ. ಮೊಣಕಾಲು ನೋವಿರಬೇಕು, ಪಾಪ.

ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಹುಟ್ಟಿದಾಗಿನಿಂದ ನಡೆದ ದಾರಿ. ಎಡಕ್ಕೋ ಬಲಕ್ಕೋ ಎಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ.